ಬೀಗರೂಟದ ಮಧ್ಯಾಹ್ನದ ಇಸ್ಪೀಟು

ತಂಗಿಯ ಮದುವೆಯಾದ ಮೇಲೆ ಸಂತೆಮರಹಳ್ಳಿಯ ಹತ್ತಿರ, ಗಂಡಿನ ಊರಿನಲ್ಲಿ ಬೀಗರೂಟ. ಬಾಡೂಟ ಮುಗಿಸಿಕೊಂಡು ಮದುಮಕ್ಕಳನ್ನು ಗುಂಡ್ಲುಪೇಟೆಗೆ, ನಮ್ಮ ಮನೆಗೆ, ಕರೆತರಬೇಕು. ಅದಕ್ಕೆಂದೇ ವ್ಯಾನು ಮಾಡಿಕೊಂಡು ಹೋಗಿದ್ದೆ. ಅವ್ವ ಸಂಜೆಯ ಆರತಿಗೆ ಬೀದಿಯ ಹೆಂಗಸರನ್ನೆಲ್ಲ ಕರೆದಿದ್ದಳು. ಖಾಲಿ ವ್ಯಾನು ವಾಪಸಾದರೆ ಆ ಬೀದಿಯಲ್ಲಿ ನಾವು ತಲೆ ಎತ್ತುವಂತಿರಲಿಲ್ಲ. ಆದರೆ ಗಂಡಿಗೆ ಅಪ್ಪ ಇರಲಿಲ್ಲ. ಆ ಮನೆಯಲ್ಲಿ ಎಲ್ಲಕ್ಕೂ ಅವನ ಸೋದರಮಾವನದೇ ಮಾತು. ಅವರು 'ಕರಕೊಂಡು ಓಗಿ' ಅನ್ನುವ ತನಕ ಹೆಣ್ಣು ಹೊಸಿಲು ದಾಟುವಂತಿಲ್ಲ.

ಅವರು ಅನ್ನಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಚಪ್ಪರದ ಕೆಳಗೆ ಚಾಪೆ ಹಾಸಿಸಿದರು.

"ಬನ್ನಿ ಬೀಗ್ರೇ, ಒಂದು ಕೈ ಆಡನ. ಕಾಸು ಗೀಸು ಇಲ್ಲ, ಬರೀ ಹುಣಸೆಬೀಜ. ಎದ್ರುಕೋಬೇಡಿ."

ಬೀಗರ ಮನೆಯಲ್ಲಿ ಉಂಡವನು ಬೀಗರು ಹಾಸಿದ ಚಾಪೆಗೆ ಒಲ್ಲೆ ಅನ್ನುವ ಹಾಗಿಲ್ಲ. ಹೆದರುವವನೂ ನಾನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿ, ದುಡಿದು, ತಂಗಿಯ ಮದುವೆ ಮಾಡಿದವನು. ಇಸ್ಪೀಟು ಕಲಿತದ್ದು ಗುಂಡ್ಲುಪೇಟೆಯಲ್ಲಿ ತರಕಾರಿ ಲೋಡಿಗೆ ಕಾಯುತ್ತಿದ್ದ ಕೇರಳದ ಲಾರಿ ಡ್ರೈವರುಗಳಿಂದ. ಹಳೇ ಟೈರುಗಳ ಮೇಲೆ ಕೂತು ಆಡುತ್ತಿದ್ದೆವು. ಅವರ ಆಟಕ್ಕೊಂದು ಮರ್ಯಾದೆ ಇತ್ತು. ಸೋತವನು ಬೈಯುವಂತಿಲ್ಲ, ಗೆದ್ದವನು ಹಿಗ್ಗುವಂತಿಲ್ಲ, ಗೆಲ್ಲುತ್ತಿರುವವನು ಮೊದಲು ಏಳುವಂತಿಲ್ಲ. ಒಬ್ಬ ಆಟ ಬಿಟ್ಟು ಎಲೆ ಕವುಚಿಟ್ಟನೆಂದರೆ ಅದನ್ನು ಇನ್ನೊಬ್ಬ ಮುಟ್ಟಬಾರದು. ಅದರಲ್ಲಿ ಏನಿತ್ತು ಅನ್ನುವುದು ಅವನ ಹೊಟ್ಟೆಯಲ್ಲೇ ಉಳಿಯಬೇಕು. ಅವರ ಜೊತೆ ಆಡೀ ಆಡೀ ನನ್ನ ಮುಖ ಕಲ್ಲಾಗಿತ್ತು. ಅದನ್ನು ನೋಡಿ ನನ್ನ ಕೈಯ ಎಲೆ ಹೇಳುವವನು ಹುಟ್ಟಿಲ್ಲ ಎಂದೇ ನಂಬಿದ್ದೆ.

ಮೂರೆಲೆ ಆಟ. ಸೋದರಮಾವ, ಮದುಮಗ, ನಾನು. ಶುರುವಿಗೇ ನನಗೆ ಒಳ್ಳೆಯ ಎಲೆ ಬಿದ್ದವು.

"ಗ್ಯಾರೇಜಿನೋರು ಎಲೆನೂ ಸ್ಪ್ಯಾನರ್ ಇಡ್ಕಂಡಂಗೆ ಇಡ್ಕತಾರೆ ನೋಡ್ಲಾ," ಎಂದು ಅವರು ಅಳಿಯನಿಗೆ ಹೇಳಿ ನಗಿಸಿದರು. ನಾನು ಇನ್ನೊಂದು ಕೈ ಗೆದ್ದೆ. ಮತ್ತೊಂದು ಗೆದ್ದೆ. ಅವರ ತಮಾಷೆ ನಿಂತಿತು. ಮಾತಾಡುವ ಬೀಗರಿಗಿಂತ ಸುಮ್ಮನಾದ ಬೀಗರು ಕಷ್ಟ. ನಾನು ಗೆಲ್ಲುತ್ತಾ ಹೋದರೆ ವ್ಯಾನು ಅಲ್ಲಾಡುವುದಿಲ್ಲ. ಗೆಲ್ಲುತ್ತಿರುವವನು ಏಳುವಂತೆಯೂ ಇಲ್ಲ. ಸೋಲುವುದೊಂದೇ ದಾರಿ ಎಂದುಕೊಂಡೆ.

ಅಷ್ಟರಲ್ಲಿ ನನ್ನ ಕೈಗೆ ಬಂದದ್ದು ಮೂರೂ ಗುಲಾಮ. ಅಂಥ ಎಲೆ ವರ್ಷಕ್ಕೊಮ್ಮೆಯೂ ಬೀಳುವುದಿಲ್ಲ. ಮದುಮಗ ಆಟ ಬಿಟ್ಟ. ಮಾವ ಬೀಜದ ಮೇಲೆ ಬೀಜ ಸುರಿದರು. ನಾನು ಒಂದು ಸುತ್ತು ಆಡಿ ಎಲೆ ಕವುಚಿಟ್ಟೆ.

"ನಿಮ್ದೇ ಮಾವ, ತಕ್ಕೊಳ್ಳಿ."

ಅವರು ಬೀಜ ಎಳೆದುಕೊಳ್ಳಲಿಲ್ಲ. ಬಗ್ಗಿ ನನ್ನ ಮೂರೂ ಎಲೆ ಮಗುಚಿದರು. ಲಾರಿಗಳ ನಡುವೆ ಯಾವನೂ ಮಾಡದ ಕೆಲಸ. ಚಪ್ಪರದ ಸಂದಿಯ ಬಿಸಿಲಿನಲ್ಲಿ ಮೂರು ಗುಲಾಮರು ಅಂಗಾತ ಬಿದ್ದಿದ್ದರು. ಮಾವ ತಮ್ಮ ಎಲೆಯನ್ನೂ ಪಕ್ಕಕ್ಕೆ ಎಸೆದರು, ಬರೀ ಜೋಡಿ ಹತ್ತು.

"ಇದೇನ್ಲಾ ಇದು?" ಬಹುವಚನ ಹೋಗಿತ್ತು. "ಇಂಥ ಎಲೆ ಇಟ್ಕಂಡು ಮಡಗ್ಬುಟ್ಟಾ? ನಂಗೆ ಭಿಕ್ಷ ಆಕ್ತಿದ್ದಿಯಾ?"

"ಇಲ್ಲ ಮಾವ, ಸರಿಯಾಗಿ ನೋಡ್ಕಳ್ಳಿಲ್ಲ."

"ಕಣ್ಗೇನು ಗ್ರೀಸು ಮೆತ್ಕಂಡಿದ್ದಾ?" ಚಪ್ಪರದಲ್ಲಿದ್ದವರು ನಕ್ಕರು. ಅವರು ನಗಲಿಲ್ಲ. "ನಂಗೆ ಸೋತು ಗೊತ್ತು, ಗೆದ್ದೂ ಗೊತ್ತು. ಇಷ್ಟೊತ್ತೂ ಮೊಗ ಗೋಡೆ ಮಾಡ್ಕಂಡು ನನ್ನ ಆಟ ಆಡಿಸ್ದೆ ಅಲ್ವಾ? ಈಗ ನಿಜವಾಗಿ ಆಡು. ನೀನು ನಿಜವಾಗಿ ಆಡ್ತಿದ್ದೀಯ ಅಂತ ನನ್ನ ಮನಸ್ಗೆ ಬಂದ ಮ್ಯಾಲೆ ವ್ಯಾನು ಒಂಡ್ತದೆ. ಅಲ್ಲಿಗಂಟ ನನ್ನ ಮಗ್ಳು ಎಲ್ಗೂ ಬರಕಿಲ್ಲ."

ನನ್ನ ತಂಗಿ ಆಗಲೇ ಅವರ ಮಗಳಾಗಿದ್ದಳು.

ಆಡಿದೆ, ಗೆಲ್ಲಬೇಕೆಂದೇ ಆಡಿದೆ. ಆದರೆ ಎಲೆ ಮುನಿಸಿಕೊಂಡಿದ್ದವು. ಎರಡು, ಐದು, ಒಂಬತ್ತು, ಒಂದಕ್ಕೊಂದು ಸಂಬಂಧವಿಲ್ಲ. ಜೋಡಿ ನಾಲ್ಕು ಬಂದಾಗ, ಅವರ ಧಾಟಿ ನೋಡಿ ಆಟ ಬಿಟ್ಟೆ. ಬುದ್ಧಿ ಇರುವ ಯಾರೇ ಆದರೂ ಬಿಡುತ್ತಿದ್ದರು. ಅವರು ಅದನ್ನೂ ಮಗುಚಿ, "ಜೋಡಿ ಇಟ್ಕಂಡು ಓಡೋಗ್ತಾವ್ನೆ, ಮತ್ತೆ ಅದೇ ಬುದ್ಧಿ," ಅಂದರು. ಸರಿ, ಇನ್ನು ಬಿಡುವುದೇ ಬೇಡ ಎಂದು ಕೆಟ್ಟ ಎಲೆಗೂ ಬೀಜ ಸುರಿದೆ. "ಏನೂ ಇಲ್ದೆ ಸುರೀತಾವ್ನೆ, ಬೇಕಂತ್ಲೇ ಸೋಲ್ತಾವ್ನೆ," ಅಂದರು. ಬಿಟ್ಟರೂ ತಪ್ಪು, ಬಿಡದಿದ್ದರೂ ತಪ್ಪು. ಎದ್ದು ನಿಂತು ಚಾಪೆಯನ್ನೇ ಎತ್ತಿ ಎಸೆಯಬೇಕೆಂದು ಕೈ ಕಡಿಯುತ್ತಿತ್ತು. ಎಸೆದರೆ ಅದರ ಫಲ ತಂಗಿಯ ತಲೆಗೆ ಬೀಳುತ್ತದೆಂದು ಗೊತ್ತಿತ್ತು. ಮುಖ ಕಲ್ಲು ಮಾಡಿಕೊಂಡೇ ಕೂತೆ. ಅದು ಕಲ್ಲಾದಷ್ಟೂ ಅವರ ಅನುಮಾನ ಬಲಿಯಿತು. ಬಿಸಿಲು ಇಳಿಯಿತು. ಡ್ರೈವರು ಎರಡು ಸಲ ಹಾರನ್ ಹೊಡೆದ.

ಆಗ ತಂಗಿ ಬಾಗಿಲಿಗೆ ಬಂದಳು. ಗಂಡಸರ ಆಟದ ನಡುವೆ ಹೊಸ ಸೊಸೆ ಬಾಯಿ ಹಾಕುವ ಪದ್ಧತಿ ಇಲ್ಲ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು:

"ಮಾವ, ನಮ್ಮಣ್ಣನ ಮೊಗ ನೋಡ್ಬೇಡಿ. ಕಾಲ್ ಬೆರಳು ನೋಡಿ. ಗೆಲ್ಲನೇಬೇಕು ಅಂದಾಗ ಅವ್ನು ಬೆರಳು ಮಡಚ್ಕತಾನೆ. ಚಿಕ್ಕೋನಿದ್ದಾಗ್ಲಿಂದಲೂ ಅಂಗೇ. ಚೌಕಾಬಾರ ಆಡುವಾಗ ನಾನು ಅದ್ನೇ ನೋಡ್ತಿದ್ದೆ."

ಮಾವ ನೋಡಿದರು. ಮದುಮಗ ನೋಡಿದ. ಚಪ್ಪರವೆಲ್ಲ ಬಗ್ಗಿ ನೋಡಿತು. ನಾನೂ ನೋಡಿದೆ. ಎರಡೂ ಪಾದದ ಬೆರಳುಗಳು ಚಾಪೆಯನ್ನು ಕಚ್ಚಿ ಹಿಡಿದು ಬೆಳ್ಳಗಾಗಿದ್ದವು. ಬಿಡಿಸೋಣವೆಂದರೆ ತಕ್ಷಣ ಬಿಡಲಿಲ್ಲ.

ಮಾವ ಎಲೆ ಎಸೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಲಲಲಾ, ಮ್ಯಾಲೆ ದೇವ್ರು, ಕೆಳ್ಗೆ ದೆವ್ವ. ನಿಜವಾಗೇ ಸೋತವ್ನೆ ಕಣ್ರಲಾ. ಏಳಪ್ಪ, ಕರಕೊಂಡು ಓಗು. ಒತ್ತಾಯ್ತು."

ವ್ಯಾನು ಚಾಮರಾಜನಗರ ದಾಟಿತು. ಆಮೇಲೆ ಮುಂದಿನ ಸೀಟಿನಿಂದ ತಿರುಗಿ ಕೇಳಿದೆ.

"ಅದನ್ಯಾಕಮ್ಮಿ ಅವರಿಗೆ ಯೋಳ್ದೆ?"

"ಯೋಳ್ದೆ ಇದ್ದಿದ್ರೆ ನೀನಿನ್ನೂ ಅಲ್ಲೇ ಕೂತಿರ್ತಿದ್ದೆ ಕಣಣ್ಣ." ಮುಂದಕ್ಕೆ ಬಗ್ಗಿ, ಮದುಮಗನಿಗೆ ಕೇಳದ ಹಾಗೆ ಸೇರಿಸಿದಳು: "ನಾನೂ ಇನ್ಮೇಲೆ ಆ ಮನೆಯೋಳು, ಅವ್ರಿಗೆ ಏನಾರಾ ಕೊಡ್ಬೇಕಲ್ಲ. ನನ್ನತ್ರ ಇದ್ದುದ್ದು ನಿನ್ನ ಗುಟ್ಟು ಅಷ್ಟೇಯ."

ಆ ಮನೆಗೆ ನಾನು ಈಗಲೂ ಹೋಗುತ್ತೇನೆ. ಹಬ್ಬಕ್ಕೆ ಹೋದರೂ, ತಿಥಿಗೆ ಹೋದರೂ ಊಟವಾದ ಮೇಲೆ ಚಾಪೆ ಬೀಳುತ್ತದೆ. ಎಲೆ ಹಂಚುವ ಮೊದಲು ಎಲ್ಲರೂ ನನ್ನ ಕಾಲು ನೋಡುತ್ತಾರೆ. ಒಂದು ಸಲ ಪಂಚೆ ಎಳೆದು ಮುಚ್ಚಿಕೊಂಡೆ. ತಂಗಿಯೇ ಒಳಗಿನಿಂದ ಬಂದು ಅದನ್ನು ಸರಿಸಿ ಹೋದಳು.