ಬೊಳ್ಳನಿಗೆ ಬಡಿಸಿದ ಹಬ್ಬ

1958ರ ದೀಪಾವಳಿ ರಜೆ. ಅಜೆಕಾರಿನ ಹತ್ತಿರದ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅಮ್ಮ ಮತ್ತು ನಾನು. ಕಾಪುವಿನ ಬಾಡಿಗೆ ಮನೆ ಬಿಟ್ಟು ಇಬ್ಬರೂ ಹೋಗುವುದೆಂದು ತೀರ್ಮಾನವಾಯಿತು. ಮಂಚ, ಮರದ ಪೆಟ್ಟಿಗೆ, ಹೊಲಿಗೆ ಯಂತ್ರ, ಅಮ್ಮ ಬಿಟ್ಟುಬರಲು ಒಪ್ಪದ ರುಬ್ಬುವ ಕಲ್ಲು, ಇವೆಲ್ಲ ಬಸ್ಸಿನಲ್ಲಿ ಸಾಗಿಸುವ ಸಾಮಾನಲ್ಲ. ನನಗೆ ದಿನವೂ ಡೈರಿ ಬರೆಯುವ ಅಭ್ಯಾಸ. ಆದರೆ ನಾವು ಮನೆ ಬಿಟ್ಟ ದಿನದ ಪುಟದಲ್ಲಿ ಸಾಮಾನಿನ ಪಟ್ಟಿ ಮತ್ತು ಹೊರಟ ಹೊತ್ತು ಮಾತ್ರ ಇದೆ. ಉಳಿದದ್ದನ್ನು ಬರೆಯಲು ಕೈ ಏಳಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾವು ಹೊರಡಬೇಕಾದ ದಿನವೇ ಗೋಪೂಜೆ. ಆ ದಿನ ಊರಿನಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಾಗಾಗಿ ಸಿಕ್ಕಿದ್ದು ಮುಸಲ್ಮಾನರಾದ ಇದಿನಬ್ಬ ಬ್ಯಾರಿಯವರ ಗಾಡಿ ಒಂದೇ. ಐವತ್ತು ದಾಟಿದ ಮನುಷ್ಯ. ಉಪ್ಪು, ಒಣಮೀನು ಹೇರಿಕೊಂಡು ಬಜಗೋಳಿಯವರೆಗೆ ಹೋಗಿಬರುತ್ತಿದ್ದರು. ಅವರ ಎತ್ತುಗಳು ಎರಡು, ಕಾಳ ಮತ್ತು ಬೊಳ್ಳ. ಕಾಳ ಸಿಡುಕ, ಗುರುತಿಲ್ಲದವರು ಹತ್ತಿರ ಬಂದರೆ ಕೊಂಬು ಬೀಸುತ್ತಿತ್ತು. ಬೊಳ್ಳ ಸಾಧು. ಕರುವಾಗಿದ್ದಾಗಲೇ ತಾಯಿ ಸತ್ತಿದ್ದ ಅದನ್ನು ಬ್ಯಾರಿಯವರ ಹೆಂಡತಿ ಹಾಲು ಕುಡಿಸಿ ಸಾಕಿದ್ದರಂತೆ. ಆಕೆ ಈಗಿಲ್ಲ.

"ಮನೆಯಲ್ಲಿ ಅವಳದ್ದು ಅಂತ ಉಳಿದದ್ದು ಇವನೇ, ಬಾಯಮ್ಮ," ಎಂದು ದಾರಿಯಲ್ಲಿ ಅಮ್ಮನಿಗೆ ಹೇಳಿದರು.

"ಮತ್ತೆ ಇವನ ಬೆನ್ನಿಗೆ ನನ್ನ ರುಬ್ಬುವ ಕಲ್ಲು ಹೇರಿದಿರಲ್ಲ!"

"ಕಲ್ಲು ತೊಂದರೆ ಇಲ್ಲ. ನಿಮ್ಮ ಮಗಳ ಪುಸ್ತಕದ ಪೆಟ್ಟಿಗೆ ಉಂಟಲ್ಲ, ಅದು ಭಾರ," ಎಂದು ನನ್ನ ಕಡೆ ನೋಡಿ ನಕ್ಕರು.

ಬೆಳ್ಮಣ್ ದಾಟುವಾಗ ಸಂಜೆಯಾಯಿತು. ರಸ್ತೆ ಬದಿಯ ಬಯಲೊಂದರಲ್ಲಿ ರಾತ್ರಿ ತಂಗುವುದೆಂದಾಯಿತು. ಅದರ ಸುತ್ತ ನಾಲ್ಕೈದು ಮನೆಗಳಿದ್ದವು. ಬ್ಯಾರಿಯವರು ಗಾಲಿಗೆ ಕಲ್ಲು ಕೊಟ್ಟು, ಗಾಡಿಯ ಮುಂದಿನ ಮೂಕಿಗೆ ಆಸರೆಯಾಗಿ ಊರೆಕೋಲು ನಿಲ್ಲಿಸಿ ಎತ್ತುಗಳನ್ನು ಬಿಚ್ಚಿದರು. ತಕ್ಷಣ ನೀರು ತೋರಿಸಲಿಲ್ಲ. ಮೈಯ ಬೆವರು ಆರುವ ತನಕ ಕಾದರು. ಆಮೇಲೆ ನೀರು ಕುಡಿಸಿ ಒಂದೊಂದು ಗಾಲಿಗೆ ಒಂದೊಂದನ್ನು ಕಟ್ಟಿದರು. ಹಗ್ಗ ಗಿಡ್ಡ. ಬಾಯಿ ನೆಲದ ಹುಲ್ಲಿಗೆ ಎಟುಕಬೇಕು, ಆದರೆ ಕಾಲು ಹಗ್ಗದ ಮೇಲೆ ದಾಟಬಾರದು. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಕಾಳನನ್ನು ಜನ ಓಡಾಡದ ಮಣ್ಣಿನ ದರೆಯ ಬದಿಗೂ ಬೊಳ್ಳನನ್ನು ಮನೆಗಳ ಬದಿಗೂ ಕಟ್ಟಿ, ಮುಂದೆ ಬೈಹುಲ್ಲು ಹರಡಿದರು.

ಎಲ್ಲ ಮನೆಗಳಲ್ಲಿ ದೀಪ ಹಚ್ಚುವ ಹೊತ್ತು. ಹತ್ತಿರದ ಮನೆಯ ಗಿರಿಜಕ್ಕ ತಮ್ಮ ದನದ ಹಟ್ಟಿಯ ಪೂಜೆ ಮುಗಿಸಿ, ಆರತಿ ತಟ್ಟೆ ಹಿಡಿದು ನಮ್ಮ ಗಾಡಿಯ ಬಳಿ ಬಂದರು. ಜೊತೆಗೆ ಒಂದು ಪಾತ್ರೆ ಅನ್ನ, ಅರಶಿನದ ಎಲೆಯಲ್ಲಿ ಬೇಯಿಸಿದ ಗಟ್ಟಿ ಎಂಬ ಕಡುಬು.

"ಎಂತ ಬ್ಯಾರಿಗಳೇ, ಇವತ್ತು ಕೂಡ ನೊಗ ಇಟ್ಟಿರಾ?" ಎಂದು ಕೇಳಿದರು. ಮಾತೆಲ್ಲ ತುಳುವಿನಲ್ಲಿ ನಡೆದದ್ದು.

"ಟೀಚರಿಗೆ ಸೋಮವಾರ ಶಾಲೆ ಉಂಟು ಅಕ್ಕ. ಹೂ ಹಾಕಿ, ಆರತಿ ಎತ್ತಿ, ನನಗೂ ಸಂತೋಷ. ಆದರೆ ಅನ್ನ ಬೇಡ. ದಿನವಿಡೀ ಎಳೆದು ಬಂದ ಎತ್ತು, ಹುಲ್ಲೇ ಸಾಕು."

"ಚೆಂದ ಆಯಿತು! ಹಬ್ಬದ ದಿನ ದುಡಿಸಿಯೂ ಆಯಿತು, ಇನ್ನು ತಿನ್ನಲಿಕ್ಕೂ ಬಿಡುವುದಿಲ್ವಾ?"

ಬ್ಯಾರಿಯವರು ಪೆಚ್ಚಾಗಿ ನಕ್ಕರು. "ಆಯಿತು ಮಾರಾಯ್ತಿ, ಒಂದು ಹಿಡಿ ಕೊಡಿ," ಎಂದರು.

ಗಿರಿಜಕ್ಕ ಮೊದಲು ಕಾಳನ ಬಳಿ ಹೋದರು. ಅದು ಬುಸುಗುಟ್ಟಿತು. ಬೊಳ್ಳ ಕತ್ತು ಚಾಚಿ ಅವರ ಅಂಗೈಯಿಂದಲೇ ತಿಂದಿತು. ಅದನ್ನು ಕಂಡು ಎರಡನೇ ಮನೆಯವರು ಬಂದರು. ಒಂದು ಮನೆಯದು ತಿಂದು ಇನ್ನೊಂದು ಮನೆಯದು ಬೇಡ ಎನ್ನುವುದು ಹೇಗೆ? ಅದೂ ಪೂಜೆಯ ದಿನ, ಬ್ಯಾರಿಯಾಗಿ? ಬ್ಯಾರಿಯವರು "ಸಾಕು ಅಮ್ಮ, ಸಾಕು," ಎನ್ನುತ್ತಲೇ ಇದ್ದರು. ಬಂದವರು ಅದನ್ನು ಸಂಕೋಚವೆಂದೇ ತಿಳಿದರು. ಮೂರನೇ ಮನೆಯ ಅಜ್ಜಿ ಗೆರಸೆಯಲ್ಲಿ ಅಕ್ಕಿಯನ್ನೇ ತಂದರು. ಬೊಳ್ಳನ ಕೊರಳು ಗೊಂಡೆಹೂವಿನಿಂದ ತುಂಬಿತು. "ಇಗರ್ಜಿಯಲ್ಲಿ ಮಾತೆಗೆ ಹೂ ಹಾಕುವ ನಮ್ಮ ಮೊಂತಿ ಹಬ್ಬದ ಹಾಗೆ ಕಾಣುತ್ತದೆ," ಎಂದು ಅಮ್ಮ ಕಣ್ಣರಳಿಸಿ ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಬ್ಯಾರಿಯವರು, ತಿಂದ ಅನ್ನ ಅಕ್ಕಿ ಹೊಟ್ಟೆಯಲ್ಲಿ ಉಬ್ಬೀತೆಂದು ಹೆದರಿ, ಬೊಳ್ಳನ ಮುಂದಿದ್ದ ಹುಲ್ಲನ್ನೂ ಎತ್ತಿಬಿಟ್ಟರು. ನೀರಿನ ಬಾಲ್ದಿಯನ್ನು ಗಾಡಿಯ ಮೇಲೆ ಇಟ್ಟರು. ಆ ರಾತ್ರಿ ಅವರು ಮಲಗಿದ್ದು ಬೊಳ್ಳನ ಪಕ್ಕದಲ್ಲಿ.

ಬೆಳಗಿನ ಜಾವ ಅವರ ದನಿ ಕೇಳಿ ಎಚ್ಚರವಾಯಿತು. "ಏಳು ಮಗಾ, ನಡಿ, ಸ್ವಲ್ಪ ನಡಿ." ಬೊಳ್ಳನ ಎಡಮಗ್ಗುಲು ಬುಟ್ಟಿ ಕವುಚಿದ ಹಾಗೆ ಉಬ್ಬಿತ್ತು. ಬಾಯಲ್ಲಿ ನೊರೆ. ಗಿರಿಜಕ್ಕ ಸೆರಗು ಕಟ್ಟಿಕೊಂಡು ಓಡಿಬಂದರು. ಶುಂಠಿ, ಇಂಗು ಅರೆದು ಎಣ್ಣೆಯಲ್ಲಿ ಕಲಸಿದರು. ಬಿದಿರಿನ ಗೊಟ್ಟದಿಂದ ಕುಡಿಸಿದ್ದಾಯಿತು. ಹೊಟ್ಟೆ ತಿಕ್ಕಿದ್ದಾಯಿತು. ದನದ ಡಾಕ್ಟರನ್ನು ಕರೆಯಲು ಕಾರ್ಕಳಕ್ಕೆ ಸೈಕಲ್ಲಿನಲ್ಲಿ ಜನ ಹೋಯಿತು. ಬೊಳ್ಳ ಎರಡು ಸಲ ಎದ್ದು ನಾಲ್ಕು ಹೆಜ್ಜೆ ಇಟ್ಟಿತು. ಮೂರನೇ ಸಲ ಏಳಲಿಲ್ಲ. ಬ್ಯಾರಿಯವರು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹೋದ ಸೈಕಲ್ ಹಿಂದೆ ಬರುವ ಮೊದಲೇ ಎಲ್ಲ ಮುಗಿಯಿತು. ಗಾಡಿಯ ಆಚೆ ಬದಿಯಿಂದ ಕಾಳ ಒಂದೇ ಸಮನೆ ಕೂಗುತ್ತಿತ್ತು.

ಊರವರೇ ಸೇರಿ ಬಯಲಿನ ಮೂಲೆಯಲ್ಲಿ ಹೊಂಡ ತೆಗೆದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಗೆರಸೆ ತಂದಿದ್ದ ಅಜ್ಜಿ ದೂರದಲ್ಲಿ ನಿಂತು, "ಗೋಹತ್ಯೆ ಮಾಡಿದೆವಲ್ಲಾ," ಎಂದು ಎದೆ ಬಡಿದುಕೊಂಡರು. ಗಿರಿಜಕ್ಕ ಮನೆಯೊಳಗೆ ಹೋದವರು ಹೊರಗೆ ಬರಲೇ ಇಲ್ಲ. ನಮ್ಮ ಗಾಡಿ ಅಜೆಕಾರು ಮುಟ್ಟಲೆಂದು ಅವರ ಗಂಡ ತಮ್ಮ ಹಟ್ಟಿಯಿಂದ ಒಂದು ಎತ್ತನ್ನು ತಂದು ನಿಲ್ಲಿಸಿದರು. ಕಾಳ ಅದರ ಪಕ್ಕ ನಿಲ್ಲಲು ಒಪ್ಪದೆ ನೊಗದಿಂದ ಕೊಸರಿಕೊಳ್ಳುತ್ತಿತ್ತು. ಬ್ಯಾರಿಯವರು ಕೊರಳು ನೇವರಿಸಿ ಬಹಳ ಹೊತ್ತು ಸಮಾಧಾನ ಮಾಡಬೇಕಾಯಿತು.

ಗಾಡಿ ಹೊರಡಬೇಕು ಎನ್ನುವಾಗ ಬ್ಯಾರಿಯವರು ಕೈಕಾಲು ತೊಳೆದು ಗಿರಿಜಕ್ಕನ ಮನೆಯ ಕಡೆ ನಡೆದರು. ಜಗಳ ಮಾಡಲು ಹೊರಟರೆಂದು ನನಗೆ ಭಯವಾಯಿತು. ಅಮ್ಮ, ನಾನು ಹಿಂದೆಯೇ ಹೋದೆವು. ಅವರು ಜಗಲಿಯ ಅಂಚಿನಲ್ಲಿ ಕುಳಿತು ಒಳಗೆ ಕೂಗಿದರು.

"ಅಕ್ಕಾ, ಗಂಜಿ ಉಂಟಾ?"

ಬಾಗಿಲ ಕಡೆಗೆ ಇನ್ನಷ್ಟು ಸರಿದು ಮತ್ತೆ ಕೂಗಿದರು.

"ದೂರ ಹೋಗಲಿಕ್ಕೆ ಉಂಟು ಅಕ್ಕ. ಹಸಿವಾಗುತ್ತದೆ."

ಗಿರಿಜಕ್ಕ ಬಾಗಿಲಿಗೆ ಬಂದರು. ಅತ್ತು ಮುಖ ಊದಿತ್ತು. "ನನ್ನ ಕೈಯಿಂದ ಇನ್ನು ಯಾರಿಗೂ ಬಡಿಸುವುದಿಲ್ಲ ಬ್ಯಾರಿಗಳೇ. ನಿನ್ನೆ ಆ ಚುಚ್ಚುಮಾತು ನಾನು ಆಡದಿದ್ದರೆ..."

"ನೀವು ವಿಷ ಹಾಕಿದ್ದಾ? ಹಬ್ಬದ ಊಟ ಹಾಕಿದ್ದಲ್ವಾ? ಗಂಜಿ ಕೊಡಿ. ಉಪ್ಪಿನಕಾಯಿ ಇದ್ದರೆ ಅದನ್ನೂ ತನ್ನಿ."

ಆಕೆ ಗಂಜಿ ತಂದು ಬಡಿಸಿದರು. ಬ್ಯಾರಿಯವರಿಗೆ ಹಸಿವಿರಲಿಲ್ಲ. ಒಂದೊಂದು ತುತ್ತನ್ನೂ ನೀರು ಕುಡಿದು ನುಂಗುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು. ಪಾತ್ರೆ ಖಾಲಿಯಾದಾಗ ಅವರು ಅದನ್ನು ಮತ್ತೆ ಮುಂದಕ್ಕೆ ಚಾಚಿ, "ಇನ್ನೊಂದು ಸೌಟು," ಎಂದರು.

ಅಜೆಕಾರಿಗೆ ಬಂದು ಕೆಲವು ವರ್ಷಗಳಾದವು. ಆ ಪ್ರಯಾಣದ ನಂತರ ಬ್ಯಾರಿಯವರು ಕಾಳನಿಗೆ ಬೇರೆ ಜೋಡಿ ತರಲಿಲ್ಲ, ಗಾಡಿಯನ್ನು ಮಾರಿದರು ಎಂದು ಕಾಪುವಿನಿಂದ ಬಂದವರು ಹೇಳಿದರು. ತನ್ನ ಮನೆಯ ಬೆಳಕೇ ಆರಿಹೋದ ಬೆಳಿಗ್ಗೆ, ಆರಿಸಿದವರ ಮನೆಯ ಬಾಗಿಲಿಗೆ ಹೋಗಿ ಊಟ ಕೇಳುವುದು ನನ್ನಿಂದ ಆಗುತ್ತಿತ್ತೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆಗುತ್ತಿತ್ತು ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.