ಇಂದ್ರಮ್ಮನ ಎಡೆ

ನಮ್ಮ ಮನೆಯಲ್ಲಿ ಇಂದಿರಾ ಗಾಂಧಿಗೆ ಎಡೆ ಇಡುತ್ತಿದ್ದರು ಅಂದರೆ ನನ್ನ ತವರಿನವರು ಇವತ್ತಿಗೂ ನಗುತ್ತಾರೆ. ನಗಲಿ ಬಿಡಿ. ಪಿತೃಪಕ್ಷದಲ್ಲಿ ಎಲ್ಲರೂ ತಮ್ಮ ತಮ್ಮ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲೆಳೆದುಕೊಂಡು ಹೊರಗೆ ಕೂರುತ್ತಾರೆ. ನಮ್ಮ ದೊಡ್ಡತ್ತೆ ಸೋಮಮ್ಮ, ಅಂದರೆ ನನ್ನ ಯಜಮಾನರು ಮಹದೇವು ಅವರ ದೊಡ್ಡಪ್ಪನ ಹೆಂಡತಿ, ತನ್ನ ಅತ್ತೆ ಮಾವನ ಎಲೆಯ ಪಕ್ಕದಲ್ಲೇ ಇಂದ್ರಮ್ಮನಿಗೂ ಒಂದು ಎಲೆ ಹಾಕುತ್ತಿದ್ದಳು. ಗೋಡೆಯ ಮೇಲೆ ಫೋಟೋ ಬೇರೆ. ನನ್ನ ಮಗಳು ಶೋಭಿತಾ ಒಂದನೇ ಕ್ಲಾಸಿನಲ್ಲಿದ್ದಾಗ, ನಮ್ಮಜ್ಜಿಗೆ ಗುಂಡು ಹೊಡೆದು ಸಾಯಿಸಿದರು ಎಂದು ಹೇಳಿ ಮೇಷ್ಟ್ರನ್ನು ಗಾಬರಿಪಡಿಸಿದ್ದಳು.

ದೊಡ್ಡತ್ತೆ ಮಳವಳ್ಳಿ ಕಡೆಯ ನಮ್ಮೂರಿಗೆ ಮದುವೆಯಾಗಿ ಬಂದಾಗ ದೊಡ್ಡಮಾವ ಲಿಂಗಯ್ಯನವರು ಜೀತದಲ್ಲಿದ್ದರು. ಅವರ ಅಪ್ಪನೂ ಅದೇ ಮನೆಯ ಜೀತದಾಳು. ರಾತ್ರಿ ಕೂಡ ಧಣಿಗಳ ಕೊಟ್ಟಿಗೆಯಲ್ಲೇ ಮಲಗಬೇಕು. ಹೊಸ ಹೆಂಡತಿ ಇಲ್ಲಿ, ಗಂಡ ಎಮ್ಮೆಗಳ ಜೊತೆ ಅಲ್ಲಿ. ಇಂಥದ್ದಕ್ಕೂ ಸಂಸಾರ ಅನ್ನಬೇಕಂತೆ. ಎಮರ್ಜೆನ್ಸಿ ಕಾಲದಲ್ಲಿ ಜೀತ ರದ್ದಾಯಿತು. ಇಂದ್ರಮ್ಮ ಬಿಡಿಸಿದಳಂತೆ ಎಂದು ಊರೆಲ್ಲ ಗುಲ್ಲು. ದೊಡ್ಡಮಾವ ಕಂಬಳಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದರು. ಆಮೇಲೆ ಇಬ್ಬರೂ ಕಬ್ಬು ಕಡಿದು ಬದುಕಿದರು. ಗಂಡ ರಾತ್ರಿ ಮನೆಯಲ್ಲಿ ಮಲಗುತ್ತಾನಲ್ಲ, ಅದು ಆಯಮ್ಮನ ದಯ ಎಂದು ದೊಡ್ಡತ್ತೆ ಹೇಳುತ್ತಿದ್ದಳು.

ಬಿಡುಗಡೆಯಾದ ಕೆಲವು ತಿಂಗಳಿಗೆ ಊರಿಗೊಂದು ಜೀಪು ಬಂತು. ಜೀತ ಬಿಟ್ಟವರಿಗೆ ಜಮೀನು ಬರೆದುಕೊಡುತ್ತಾರೆ ಎಂದು ಯಾರೋ ಅಂದರು. ದೊಡ್ಡಮಾವ ಒಗೆದ ಅಂಗಿ ಹಾಕಿಕೊಂಡು ತಾವೇ ಮುಂದಾಗಿ ಹತ್ತಿ ಕೂತರು. ಯಾರೂ ಎಳೆದುಕೊಂಡು ಹೋಗಲಿಲ್ಲ, ನನ್ನ ಹೊಟ್ಟೆ ಉರಿಸುವುದೇ ಅದು. ಅದು ಮಕ್ಕಳಾಗದ ಹಾಗೆ ಆಪರೇಷನ್ ಮಾಡುವ ಕ್ಯಾಂಪು. ಮಕ್ಕಳಿವೆಯೇ ಎಂದು ಕೇಳಿದವರಿಲ್ಲ. ಅವರಿಗೆ ತಲೆ ಲೆಕ್ಕ ತುಂಬಬೇಕಿತ್ತು. ದೊಡ್ಡಮಾವ ಹೆಬ್ಬೆಟ್ಟು ಒತ್ತಿ, ಕುಂಟಿಕೊಂಡು ಮನೆಗೆ ಬಂದು, ಜಮೀನು ಆಮೇಲೆ ಕೊಡ್ತಾರಂತೆ ಅಂದರಂತೆ. ನಡೆದದ್ದೇನು ಎಂದು ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು. ದೊಡ್ಡತ್ತೆಗೆ ಮಕ್ಕಳಾಗಲಿಲ್ಲ.

ಇಂದ್ರಮ್ಮನನ್ನು ಕೊಂದ ಸುದ್ದಿ ಬಂದ ದಿನ ಅವಳು ಒಲೆ ಹಚ್ಚಲಿಲ್ಲವಂತೆ. ಮುಂದಿನ ಪಿತೃಪಕ್ಷಕ್ಕೆ ಮೊದಲ ಎಡೆ. ಏನು ಬಡಿಸಬೇಕು ಅನ್ನುವುದೇ ದೊಡ್ಡ ಪಂಚಾಯ್ತಿ. ದೆಹಲಿಯ ಹೆಂಗಸು ಮುದ್ದೆ ನುಂಗುತ್ತಾಳೆಯೇ? ಆ ಕಡೆಯವರು ಚಪಾತಿ ತಿನ್ನುತ್ತಾರೆ ಎಂದು ಗೊತ್ತಾಯಿತು, ಆದರೆ ಮನೆಯಲ್ಲಿ ಯಾರಿಗೂ ಲಟ್ಟಿಸಲು ಬಾರದು. ದೊಡ್ಡಮಾವ ಮಳವಳ್ಳಿಯ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದರು. ಬಾಡು ತಿನ್ನುತ್ತಿದ್ದಳೋ ಇಲ್ಲವೋ ಎಂದು ಬಾಡಿನ ಸಾರು ಬೇರೆ, ಕಾಳು ಸಾರು ಬೇರೆ. ಎಲ್ಲಕ್ಕಿಂತ ಮೊದಲು ಒಂದು ಚೊಂಬು ನೀರು. ಗುಂಡು ತಿಂದು ಬಿದ್ದವಳ ಬಾಯಿಗೆ ಯಾರಾದರೂ ನೀರು ಬಿಟ್ಟರೋ ಇಲ್ಲವೋ ಎಂಬುದು ದೊಡ್ಡತ್ತೆಯ ಸಂಕಟ. ದೊಡ್ಡಮಾವ ಹೋದ ಮೇಲೂ ಒಬ್ಬಳೇ ನಡೆಸಿಕೊಂಡು ಬಂದಳು.

ಹೋದ ವರ್ಷ ನಾವು ಬೌದ್ಧ ದೀಕ್ಷೆ ತೆಗೆದುಕೊಂಡೆವು. ಇನ್ನು ತಿಥಿ ಇಲ್ಲ, ಎಡೆ ಇಲ್ಲ, ಪ್ರತಿಜ್ಞೆ ಮಾಡಿದ್ದೇವೆ ಎಂದು ಯಜಮಾನರು ಸಾರಿದರು. ನಾನೂ ಮಾಡಿದವಳೇ, ನನಗೆ ಹೇಳಬೇಕಿರಲಿಲ್ಲ. ಆದರೆ ಆ ಸಲದ ಪಿತೃಪಕ್ಷದ ಹೊತ್ತಿಗೆ ದೊಡ್ಡತ್ತೆ ಹಾಸಿಗೆ ಹಿಡಿದಿದ್ದಳು. ಮಂಡ್ಯದಲ್ಲಿ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟಿದ್ದರು. ಇದೇ ಕೊನೆಯ ಎಡೆ ಎಂದು ಅವಳಿಗೆ ಗೊತ್ತಿತ್ತು. ಮುಂದಿನ ವರ್ಷ ಅವಳಿಗೇ ಎಲೆ ಹಾಕುವವರಿಲ್ಲ ಎಂಬುದೂ ಗೊತ್ತಿತ್ತು. ಅದರ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಇಂದ್ರಮ್ಮನ ಎಡೆ ಮಾತ್ರ ಬೇಕೇ ಬೇಕು.

ಯಜಮಾನರಿಗೆ ರೇಗಿತು. "ಅವ್ಳ ಕಾಲ್ದಲ್ಲೇ ಅಲ್ವಾ ದೊಡ್ಡವ್ವ, ನಿನ್ ವಂಸ ನಿಂತೋದ್ದು? ಅವ್ಳಿಗೆ ಉಣ್ಣಾಕಿಕ್ತೀಯ?"

"ಉಣ್ಣಾಕಿಕ್ದೆ ಯಾರ್ನ ಏನ್ ಕೇಳಾಕಾಯ್ತದ್ಲಾ?" ಅಂದಳು ದೊಡ್ಡತ್ತೆ.

ಅವರು ಮುಖ ಊದಿಸಿಕೊಂಡು ಎದ್ದು ಹೋದರು. ನಾನು ಅಡುಗೆ ಮಾಡಿದೆ. ಅಡುಗೆ ಮಾಡುವುದಿಲ್ಲ ಎಂದು ನಾನು ಯಾವ ಪ್ರತಿಜ್ಞೆಯನ್ನೂ ಮಾಡಿರಲಿಲ್ಲ. ಅವಳ ಹಾಸಿಗೆಯ ಪಕ್ಕದಲ್ಲೇ ನೀರಿಟ್ಟು, ಎಲೆ ಹಾಕಿ, ಬಡಿಸಿ, ದೊಡ್ಡತ್ತೆಯನ್ನು ಹೊರಗೆ ಕೂರಿಸೋಣವೆಂದು ಹೋದರೆ ಕೈ ಕೊಡವಿದಳು. ಹಿರಿಯರು ಉಣ್ಣುವಾಗ ಬದುಕಿರುವವರು ಒಳಗಿರಬಾರದು. ಇವಳು, ನಾನಿನ್ನೇನು ಅವರ ಪೈಕೀನೇ, ಬಾಗಿಲು ಹಾಕಿಕೊಂಡು ಹೋಗು ಎಂದಳು. ಇವಳ ಜೊತೆ ಮಾತಾಡಿ ಗೆದ್ದವರು ಯಾರು? ಬಾಗಿಲೆಳೆದುಕೊಂಡು ಜಗಲಿಗೆ ಬಂದೆ. ಯಜಮಾನರು ಅಲ್ಲೇ ಕೂತಿದ್ದರು.

ಒಳಗೆ ದೊಡ್ಡತ್ತೆ ಮಾತಾಡತೊಡಗಿದಳು, ಮೆಲ್ಲಗೆ, ಪಕ್ಕದಲ್ಲಿ ಕೂತವರ ಜೊತೆ ಆಡುವ ಹಾಗೆ.

"ನನ್ ಮಕ್ಳು ದಣಿಗೋಳ ಕೊಟ್ಟಿಗೇಲಿ ಸಗಣಿ ಬಾಚ್ಬಾರ್ದು ಅಂತ ಕಂಡಕಂಡ ದೇವ್ರಿಗೆಲ್ಲ ಕೈ ಮುಗ್ದಿದ್ದೆ ಕಣವ್ವ. ನೀನು ಜೀತ ಬುಡುಸ್ದೆ. ಬಾಚ್ನಿಲ್ಲ. ಹುಟ್ಟಿದ್ರೆ ತಾನೆ ಬಾಚಾದು."

ಯಜಮಾನರು ತಲೆ ಎತ್ತಲಿಲ್ಲ. ಒಳಗೆ ದೊಡ್ಡತ್ತೆ ಉತ್ತರಕ್ಕೆ ಕಾಯುತ್ತಿದ್ದಾಳೆ ಅನ್ನಿಸಿತು. ಆಮೇಲೆ ಎಲೆ ಸರಿಸಿದ ಸದ್ದು.

"ಓಗ್ಲಿ ಬುಡು. ಉಣ್ಣು, ಆರೋಯ್ತದೆ."