ನಾನು ಹೊಡೆದುಹಾಕಿದ ‘ಹೊರತುಪಡಿಸಿ’

ನನ್ನ ಆದಾಯ ತೆರಿಗೆಯ ಫಾರಂ ತುಂಬಲು ನನಗೆ ಇವತ್ತಿಗೂ ಬರುವುದಿಲ್ಲ. ಹೀಗಿದ್ದೂ ಬೆಳಗಿನ ಕಾಫಿಯ ಜೊತೆ ನಾನು ಮೊದಲು ಓದುವುದು ಪತ್ರಿಕೆಯನ್ನಲ್ಲ, ತೆರಿಗೆ ಕಾನೂನಿನ ಒಂದು ಬ್ಲಾಗನ್ನು. ಇದು ನಿವೃತ್ತಿಯ ನಂತರ ಅಂಟಿಕೊಂಡ ಕಾಯಿಲೆಯೆಂದು ನನ್ನ ಹೆಂಡತಿಯ ಗುಮಾನಿ.

ಬ್ಲಾಗ್ ಬರೆಯುವವಳು ವಸುಧಾ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪಾತ್ರೆ ಅಂಗಡಿಯೊಂದರ ಮಹಡಿಯಲ್ಲಿ ಅವಳ ಪುಟ್ಟ ಕಚೇರಿ. ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಸಲಹೆ ಕೊಡುವುದು ಕಸುಬು. ಕಾಲೇಜಿನಲ್ಲಿ ನನ್ನ ಹತ್ತಿರ ಕನ್ನಡ ಓದಿದ್ದಳಂತೆ. ‘ಅಂತೆ’ ಯಾಕೆಂದರೆ ನನಗೆ ನೆನಪಿಲ್ಲ. ರಾಗವಾಗಿ ಪದ್ಯ ಓದುವ ಮಕ್ಕಳನ್ನಷ್ಟೇ ನೆನಪಿಟ್ಟುಕೊಳ್ಳುವ ಮೇಷ್ಟರಾಗಿದ್ದೆ ನಾನು. ಒಂದು ದಿನ ಬ್ಯಾಂಕಿನ ಸಾಲಿನಲ್ಲಿ ಸಿಕ್ಕಿ, “ಸಾರ್, ತೆರಿಗೆ ವಿಷಯ ಎಲ್ಲಾ ಕನ್ನಡದಲ್ಲಿ ಬರೀತಿದೀನಿ. ಕಾಗುಣಿತ ಒಂದು ನೋಡಿಕೊಡ್ತೀರಾ?” ಎಂದಳು. ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಬೆರಗಾಗುತ್ತಾ ಹೋದೆ. ಹಪ್ಪಳ ದುಂಡಗಿದ್ದರೆ ಮಾತ್ರ ಹಪ್ಪಳವೋ, ಬೇರೆ ಆಕಾರದ್ದೂ ಹಪ್ಪಳವೋ? ಪರೋಟ ಚಪಾತಿಯ ಬಳಗಕ್ಕೆ ಸೇರಿದ್ದೋ ಅಲ್ಲವೋ? ಸಣ್ಣ ಶೀಶೆಯ ಕೊಬ್ಬರಿ ಎಣ್ಣೆ ತಲೆಗೋ ಬಾಣಲೆಗೋ? ಇಂಥವನ್ನು ದೊಡ್ಡ ದೊಡ್ಡ ನ್ಯಾಯಮೂರ್ತಿಗಳು ಪುಟಗಟ್ಟಲೆ ಯೋಚಿಸಿದ್ದಾರೆ. ಮೊದಮೊದಲು ನಕ್ಕೆ. ಆಮೇಲೆ ನಗು ತಾನಾಗಿ ನಿಂತಿತು. ಒಂದು ಪದದ ಅರ್ಥ ಎಲ್ಲಿಗೆ ಮುಗಿಯುತ್ತದೆ ಎಂದು ಇಷ್ಟು ಶ್ರದ್ಧೆಯಿಂದ ಹುಡುಕುವುದನ್ನು ನಾನು ವ್ಯಾಕರಣದ ತರಗತಿಯಲ್ಲೂ ಕಂಡಿರಲಿಲ್ಲ. ಆ ಕಾಡಿನೊಳಗೆ ವಸುಧಾ ದಿನಾ ಹೋಗಿ, ಅಂಗಡಿಯವರಿಗೆ ಬೇಕಾದ ನಾಲ್ಕು ಮಾತು ಆರಿಸಿ ತರುತ್ತಿದ್ದಳು. ವಾಕ್ಯಗಳು ಮಾತ್ರ ಉದ್ದ. ಕಾಗುಣಿತಕ್ಕೆಂದು ಹೋದ ನನ್ನ ಕೈ ನಿಧಾನಕ್ಕೆ ವಾಕ್ಯಗಳ ಮೇಲೂ ಆಡತೊಡಗಿತು.

ಹೋದ ವರ್ಷ ಒಂದು ಬರಹ ಬಂತು. ವ್ಯಾಪಾರದ ಜಿಎಸ್‌ಟಿ ನೋಂದಣಿ ರದ್ದಾದವರು ಅದನ್ನು ಮರಳಿ ಪಡೆಯಲು ಅರ್ಜಿ ಹಾಕಬೇಕಲ್ಲ, ಅದರ ಕಡೆಯ ದಿನ ಮುಂದಕ್ಕೆ ಹೋಗಿತ್ತು. “ಈ ಹಿಂದೆ ಒಮ್ಮೆ ಕಾಲಾವಕಾಶ ಪಡೆದವರನ್ನು ಹೊರತುಪಡಿಸಿ, ನೋಂದಣಿ ರದ್ದಾಗಿರುವ ಉಳಿದೆಲ್ಲರಿಗೂ” ಎಂದು ಶುರುವಾದ ವಾಕ್ಯ ಮುಗಿಯುವ ಹೊತ್ತಿಗೆ ನನಗೆ ಏದುಸಿರು. “ನೋಂದಣಿ ರದ್ದಾದ ಎಲ್ಲರಿಗೂ ಇನ್ನೊಂದು ತಿಂಗಳ ಅವಕಾಶವಿದೆ” ಎಂದು ತಿದ್ದಿ ಕಳಿಸಿದೆ. ಎಷ್ಟು ಅಚ್ಚುಕಟ್ಟು! ಆ ವಾರ ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಮೇಷ್ಟರು ನೋಡಿದ್ದಾರಲ್ಲ ಎಂದು ಹಾಗೇ ಪ್ರಕಟಿಸಿದಳು.

ಒಂಬತ್ತು ದಿನ ಕಳೆದು ಬೆಳಿಗ್ಗೆ ಫೋನ್. “ಸಾರ್, ಆ ಬರಹದಲ್ಲಿ ‘ಹೊರತುಪಡಿಸಿ’ ಅಂತಿತ್ತಲ್ಲ, ಎಲ್ಲಿ ಹೋಯ್ತು?”

“ವಾಕ್ಯ ಉದ್ದ ಆಗಿತ್ತು ವಸುಧಾ,” ಎಂದೆ.

“ಬರಹದ ಕೆಳಗೆ ಒಬ್ಬರು ಬರೆದಿದಾರೆ, ಓದ್ತೀನಿ ಕೇಳಿ. ‘ಮೇಡಂ, ನಂಗೆ ಒಂದ್ಸಲ ಟೈಮ್ ಕೊಟ್ಟಿದ್ರು. ಇನ್ನೊಂದ್ಸಲನೂ ಸಿಗತ್ತೆ ಅಂತ ನಿಮ್ಮಿಂದ ಗೊತ್ತಾಯ್ತು. ಲೇತ್ ಕೆಲಸ ಮುಗಿಸ್ಕೊಂಡು ನಿಧಾನಕ್ಕೆ ಅರ್ಜಿ ಹಾಕ್ತೀನಿ. ಮಣಿ, ಭದ್ರಾವತಿ.’ ಇಂಥವರಿಗೆ ಹಳೇ ತಾರೀಖೇ, ಇವತ್ತೇ ಕಡೇ ದಿನ ಸಾರ್.”

ಆಟೊ ಹಿಡಿದು ಕಚೇರಿ ತಲುಪುವಷ್ಟರಲ್ಲಿ ಅವಳು ಬ್ಲಾಗಿನ ನೆತ್ತಿಯ ಮೇಲೆ ತಿದ್ದುಪಡಿ ಹಾಕಿಯಾಗಿತ್ತು. ಕೊನೆಯಲ್ಲಿ ‘ತಪ್ಪು ನನ್ನದು, ಕ್ಷಮಿಸಿ’ ಎಂದಿತ್ತು. ನನ್ನ ಹೆಸರಿನ ಸುಳಿವೇ ಇಲ್ಲ. ಮಣಿ ತನ್ನ ಫೋನ್ ನಂಬರನ್ನೂ ಕೊಟ್ಟಿರಲಿಲ್ಲ, ವಿಳಾಸವನ್ನೂ ಕೊಟ್ಟಿರಲಿಲ್ಲ.

“ತಿದ್ದುಪಡಿ ಹಾಕಿದೀಯಲ್ಲ, ನೋಡ್ತಾರೆ ಬಿಡು,” ಎಂದೆ.

“ನಿಶ್ಚಿಂತೆ ಆದವರು ಮತ್ತೆ ಯಾಕೆ ನೋಡ್ತಾರೆ ಸಾರ್? ನಾನು ಭದ್ರಾವತಿಗೆ ಹೋಗ್ತೀನಿ,” ಎಂದು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡಳು. ನಾನೂ ಹಿಂದೆಯೇ ಬಸ್ಸು ಹತ್ತಿದೆ.

ಭದ್ರಾವತಿಯಲ್ಲಿ ಮಣಿ ಎಂದು ಕೂಗಿದರೆ ಬೀದಿಗೆ ಇಬ್ಬರಾದರೂ ತಿರುಗಿ ನೋಡುತ್ತಾರೆ. ಬಸ್ ನಿಲ್ದಾಣದ ಪಕ್ಕದ ಹಾರ್ಡ್‌ವೇರ್ ಅಂಗಡಿಯವರು, “ಯಾವ ಮಣಿ ಬೇಕು ಮೇಡಂ? ಇಡ್ಲಿ ಮಣಿನಾ, ಬೋರ್‌ವೆಲ್ ಮಣಿನಾ?” ಎಂದು ಕೇಳಿದರು. ಲೇತ್ ಇಟ್ಟಿರುವವರು ಎಂದಳು. “ಲೇತಲ್ಲೂ ಇಬ್ರಿದಾರೆ ಮಾರಾಯ್ರೆ!”

ಹಳೇನಗರದ ಮಣಿ ವಯಸ್ಸಾದವರು. ಕಬ್ಬಿಣ ಕಡೆಯುತ್ತಿದ್ದ ಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡು, “ಫೋನ್ ಬಂದ್ರೆ ಎತ್ತಕ್ಕೆ ಬರುತ್ತೆ, ಅಷ್ಟೇಮ್ಮ ನಂಗೆ. ಬ್ಲಾಗೂ ಗೀಗೂ ನಮ್ದಲ್ಲ. ನ್ಯೂಟೌನ್ ಮಣಿ ಇರ್ಬೇಕು,” ಎಂದು ದಾರಿ ಹೇಳಿದರು. ಸೇತುವೆ ದಾಟಿ ನ್ಯೂಟೌನ್ ಸೇರಿ, ಎರಡು ಕಡೆ ತಪ್ಪಿ, ತಗಡಿನ ಶೆಡ್ಡೊಂದರ ಮುಂದೆ ಆಟೊ ಇಳಿದಾಗ ಮಧ್ಯಾಹ್ನ ಮೂರು ದಾಟಿತ್ತು.

ಮೂವತ್ತೈದರ ಆಸುಪಾಸಿನ, ತಲೆಗೂದಲಲ್ಲೆಲ್ಲ ಕಬ್ಬಿಣದ ಪುಡಿ ಮಿನುಗುವ ಮನುಷ್ಯ. ವಸುಧಾ ತನ್ನ ಹೆಸರು ಹೇಳಿದ್ದೇ ತಡ, “ಬ್ಲಾಗ್ ಮೇಡಮ್ಮಾ? ನೀವೇನಾ?” ಎಂದು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಸ್ಟೂಲ್ ಎಳೆದ. ವಸುಧಾ ಕೂರಲಿಲ್ಲ.

“ನಾನು ಬರೆದಿದ್ದು ತಪ್ಪಾಗಿತ್ತು ಮಣಿ ಅವರೆ. ನಿಮಗೆ ಇವತ್ತೇ ಕಡೇ ದಿನ.”

ಅವನ ಮುಖ ಬಿಳಿಚಿಕೊಂಡಿತು. ಕಾಮಾಲೆಯಾಗಿ ಮಲಗಿದ್ದಾಗ ತಿಂಗಳುಗಟ್ಟಲೆ ಲೆಕ್ಕ ಸಲ್ಲಿಸಲಾಗದೆ ನೋಂದಣಿ ಹೋಗಿತ್ತು. ನೋಂದಣಿ ಇಲ್ಲದವನ ಬಿಲ್ಲನ್ನು ಯಾವ ಕಾರ್ಖಾನೆಯೂ ಮುಟ್ಟುವುದಿಲ್ಲ. ಇದ್ದ ಇಬ್ಬರು ಗಿರಾಕಿಗಳೂ ಇದೊಂದು ಸಲ ನೋಡೋಣ ಎಂದು ತಡೆದುಕೊಂಡಿದ್ದರು. ನನ್ನಿಂದ ತಡೆಯಲಾಗಲಿಲ್ಲ. “ತಪ್ಪು ಇವಳದ್ದಲ್ಲ ಮಾರಾಯ, ನಂದು. ವಾಕ್ಯ ಚೆಂದ ಕಾಣ್ಲಿ ಅಂತ ಒಂದು ಪದ ಹೊಡೆದುಹಾಕ್ದೆ,” ಎಂದುಬಿಟ್ಟೆ.

ಅವನು ನನ್ನನ್ನೇ ನೋಡಿದ. “ನಮ್ ಕೆಲ್ಸದಲ್ಲೂ ಹಂಗೇ ಸಾರ್. ಕೂದಲೆಳೆಯಷ್ಟು ಜಾಸ್ತಿ ತೆಗೆದ್ರೆ ಪೀಸೇ ಹೋಯ್ತು.” ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶೆಡ್ಡಿನೊಳಗೆ ನೆಟ್‌ವರ್ಕ್ ಇಲ್ಲ. ವಸುಧಾ ಹೊಸ್ತಿಲ ಮೇಲೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದಳು. ಮಣಿ ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ಒಂದೊಂದಾಗಿ ಕೊಟ್ಟ. ನಾನು ಬಿಸಿಲು ಪರದೆಗೆ ಬೀಳದಂತೆ ಛತ್ರಿ ಹಿಡಿದು ನಿಂತೆ; ಆ ದಿನ ನನ್ನಿಂದಾದ ಉಪಕಾರ ಅದೊಂದೇ. ಇಲಾಖೆಯ ಜಾಲತಾಣ ಎರಡು ಸಲ ಕೈಕೊಟ್ಟಿತು. ಐದೂಕಾಲಿಗೆ ಅರ್ಜಿ ಸೇರಿತೆಂಬ ಸ್ವೀಕೃತಿ ಸಂಖ್ಯೆ ಬಂತು. ಮಣಿ ಸೀಮೆಸುಣ್ಣ ತಂದು ಅದನ್ನು ಶೆಡ್ಡಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದ. ಇಪ್ಪತ್ತು ದಿನಕ್ಕೆ ಅವನ ನೋಂದಣಿ ವಾಪಸು ಬಂತೆಂದು ಆಮೇಲೆ ತಿಳಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಬ್ಲಾಗ್ ತೆರೆದು ನೋಡಿದೆ. ನನ್ನ ಆ ಅಚ್ಚುಕಟ್ಟಾದ ವಾಕ್ಯ ಅಲ್ಲೇ ಇತ್ತು, ಮೈಮೇಲೊಂದು ಅಡ್ಡಗೆರೆ ಎಳೆಸಿಕೊಂಡು.

“ಇದನ್ನ ಪೂರ್ತಿ ಅಳಿಸಿಬಿಡಬಹುದಲ್ಲ ವಸುಧಾ? ಇನ್ನು ಯಾರಿಗೂ ಕಾಣಲ್ಲ.”

“ಅಳಿಸಿದ್ರೆ, ಅದನ್ನ ಓದಿ ನಂಬಿದವರು ತಾವೇ ತಪ್ಪು ಓದಿಕೊಂಡ್ವಿ ಅಂದ್ಕೋತಾರೆ ಸಾರ್,” ಎಂದಳು. ಆಮೇಲೆ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು.

ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ. ಕಪ್ಪುಹಲಗೆಯ ಮೇಲೆ ತಪ್ಪು ಬರೆದೆ ಎಂದು ಗೊತ್ತಾದ ಕೂಡಲೇ ಡಸ್ಟರ್ ಅದೆಷ್ಟು ಚುರುಕಾಗಿ ನನ್ನ ಕೈಗೆ ಬರುತ್ತಿತ್ತು! ಒರೆಸಿ, ಸರಿಯಾದದ್ದನ್ನು ಬರೆದು, ಏನೂ ಆಗದವನಂತೆ ಮುಂದಿನ ಸಾಲಿಗೆ ಹೋಗುತ್ತಿದ್ದೆ. ಕೆಳಗೆ ಕೂತವರಲ್ಲಿ ಎಷ್ಟು ಮಕ್ಕಳು ತಮ್ಮ ಕಣ್ಣನ್ನೇ ಅನುಮಾನಿಸಿಕೊಂಡು, ನೋಟ್‌ಬುಕ್ಕಿನ ಮೇಲೆ ರಬ್ಬರ್ ಉಜ್ಜಿದರೋ.